ಸ್ಕೂಬಲ್ ಬೇಕಾ, ಪೊಲಾಂಕೊ ಸಾಕಾ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು. ಎಂಟು ವರ್ಷದಿಂದ ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿದ್ದೇನೆ. ಮೊದಲು ಆಫೀಸಿನವರು ಎಳೆದುಕೊಂಡು ಹೋದರು ಅಂತ ಬೇಸ್‌ಬಾಲ್ ನೋಡಿದೆ. ಈಗ ಮನೆಮಂದಿಯೆಲ್ಲ ಸಿಯಾಟಲ್ ತಂಡ ಮರಿನರ್ಸ್‌ನ ಅಭಿಮಾನಿಗಳು. ಈ ಸಲ, 2025ರಲ್ಲಿ, ವರ್ಲ್ಡ್ ಸೀರೀಸ್ ಅನ್ನೋ ಫೈನಲ್‌ನ ಬಾಗಿಲವರೆಗೆ ಹೋಗಿ ವಾಪಸ್ ಬಂದ ಸಂಕಟ ಇನ್ನೂ ಹೋಗಿಲ್ಲ. ಈ ಚಳಿಗಾಲದಲ್ಲಿ ನನಗೆ ನಾಲ್ಕು ಆಸೆ. ಡೆಟ್ರಾಯ್ಟ್‌ನಿಂದ ಪಿಚರ್ (ಚೆಂಡೆಸೆಯುವವರು) ಸ್ಕೂಬಲ್ ಬರಬೇಕು. ನಮ್ಮ ಬ್ಯಾಟರ್ ಪೊಲಾಂಕೊ ಉಳಿಯಬೇಕು. ಸುವಾರೆಸ್ ಕೂಡ ಉಳಿಯಬೇಕು. ಕೈಲ್ ಟಕರ್‌ಗೆ ದುಡ್ಡು ಸುರಿದಾದರೂ ಕರೆತರಬೇಕು. ಇದರಲ್ಲಿ ಎಷ್ಟು ಆಗುತ್ತೆ? ಐಪಿಎಲ್ ಹರಾಜಿನ ಥರ ಇಲ್ಲಿ ಒಂದೆರಡು ದಿನದಲ್ಲಿ ಯಾಕೆ ಮುಗಿಯೋದಿಲ್ಲ? ಇನ್ನೊಂದು ಸಣ್ಣ ವಿಷಯ. ಮಗಳು ಕ್ರಿಸ್‌ಮಸ್‌ಗೆ ಪೊಲಾಂಕೊ ಹೆಸರಿನ ಜೆರ್ಸಿ ಕೇಳಿದ್ದಾಳೆ. ತಗೊಳ್ಳಲಾ, ಕಾಯಲಾ?

ಉತ್ತರ: ನಿಮ್ಮ ಸಂಕಟ ನನಗೆ ಗೊತ್ತು. ಅಕ್ಟೋಬರ್ 20, ನರಕ ಚತುರ್ದಶಿ. ನಮ್ಮ ಮನೆಯಲ್ಲಿ ಸಂಜೆ ಬೇಗ ದೀಪ ಹಚ್ಚಿಟ್ಟು, ಕಜ್ಜಾಯದ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆವು. ಟೊರಾಂಟೊದಲ್ಲಿ ಸೆಮಿಫೈನಲ್ ಥರದ ಸರಣಿಯ ಏಳನೇ, ಕೊನೆಯ ಪಂದ್ಯ. ನಮ್ಮ ಹೂಲಿಯೊ ರೊಡ್ರಿಗಸ್ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ), ಕ್ಯಾಲ್ ರಾಲಿ ಒಂದು ಹೋಮ್ ರನ್. 3-1ರಿಂದ ನಾವು ಮುಂದೆ. ಏಳನೇ ಇನಿಂಗ್ಸ್‌ನಲ್ಲಿ ಒಂದು ಔಟ್ ಆಗಿತ್ತು. ಇನ್ನು ಎಂಟು ಔಟ್ ಸಿಕ್ಕಿದ್ದರೆ ಸಾಕಿತ್ತು, 1977ರಲ್ಲಿ ಹುಟ್ಟಿದ ತಂಡ ಮೊದಲ ಸಲ ವರ್ಲ್ಡ್ ಸೀರೀಸ್ ಆಡುತ್ತಿತ್ತು. ಆಗ ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಬ್ಯಾಟ್ ಬೀಸಿದರು. ಮೂರು ರನ್. 4-3. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಪಟಾಕಿ ಮಾತೆತ್ತಲಿಲ್ಲ.

ಇದನ್ನು ಸುಮ್ನೆ ಗಾಯ ಕೆರೆಯಲು ಹೇಳುತ್ತಿಲ್ಲ. ನಿಮ್ಮ ನಾಲ್ಕು ಆಸೆಗೂ ಇಲ್ಲಿಂದಲೇ ಉತ್ತರ ಶುರುವಾಗುತ್ತೆ. ಎಂಟು ಔಟ್ ದೂರದಲ್ಲಿ ನಿಂತ ತಂಡಕ್ಕೆ ಬೇಕಾದದ್ದು ಬೇರೆ, ನೂರು ಪಂದ್ಯ ಸೋತ ತಂಡಕ್ಕೆ ಬೇಕಾದದ್ದು ಬೇರೆ. ಸೋತು ಸುಣ್ಣವಾದ ತಂಡ ಒಬ್ಬ ದೊಡ್ಡ ಹೆಸರಿಗೆ ಅರ್ಧ ಮನೆ ಮಾರಬಹುದು. ನಮಗೆ ಬೇಕಿರೋದು ಸೋರುವ ಹೆಂಚಿನ ಜಾಗಕ್ಕೆ ಒಂದೆರಡು ಒಳ್ಳೆ ಹೆಂಚು. ನಿಮ್ಮ ಪಟ್ಟಿಯಲ್ಲಿ ಎರಡು ಹೆಸರು ಹೆಂಚು, ಎರಡು ಹೆಸರು ಹೊಸ ಮಹಡಿ.

ಮೊದಲು ಐಪಿಎಲ್ ಪ್ರಶ್ನೆ ಮುಗಿಸೋಣ. ಕ್ರಿಕೆಟ್‌ನಿಂದ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಐಪಿಎಲ್‌ನಲ್ಲಿ ಎಲ್ಲ ತಂಡದ ಕೈಚೀಲವೂ ಒಂದೇ ಅಳತೆ. ಕಳೆದ ದೊಡ್ಡ ಹರಾಜಿನಲ್ಲಿ ಅದು 120 ಕೋಟಿ ರೂಪಾಯಿ ಇತ್ತು. ಆಟಗಾರನಿಗೆ ಆಯ್ಕೆ ಇಲ್ಲ, ಯಾರು ಜಾಸ್ತಿ ಕೂಗಿದರೋ ಅವರ ಪಾಲು. ಬೇಸ್‌ಬಾಲ್‌ನಲ್ಲಿ ಹರಾಜೇ ಇಲ್ಲ. ಒಪ್ಪಂದ ಮುಗಿದ ಆಟಗಾರ ಫ್ರೀ ಏಜೆಂಟ್. ಅವನ ಏಜೆಂಟ್ ಹತ್ತು ತಂಡದ ಜೊತೆ ಮಾತಾಡುತ್ತಾನೆ, ಒಬ್ಬರ ಬೆಲೆಯನ್ನು ಇನ್ನೊಬ್ಬರಿಗೆ ಹೇಳಿ ಏರಿಸುತ್ತಾನೆ. ಹೆಣ್ಣು ನೋಡೋ ಶಾಸ್ತ್ರದ ಥರ, ಫೆಬ್ರವರಿವರೆಗೂ ಎಳೆದರೂ ಆಶ್ಚರ್ಯ ಇಲ್ಲ. ಕೈಚೀಲಕ್ಕೂ ಮಿತಿ ಇಲ್ಲ. 2026ರಲ್ಲಿ ಸಂಬಳದ ಮೊತ್ತ 244 ಮಿಲಿಯನ್ ಡಾಲರ್ ದಾಟಿದರೆ ದಂಡದ ತೆರಿಗೆ ಕಟ್ಟಬೇಕು, ಅಷ್ಟೆ. ಲಾಸ್ ಏಂಜಲಿಸ್ ಡಾಡ್ಜರ್ಸ್ ಅದನ್ನು ಕಟ್ಟಿ ನಗುತ್ತಾ ಇರುತ್ತಾರೆ. ಅವರ ಸಂಬಳದ ಪಟ್ಟಿ ನಮ್ಮದರ ದುಪ್ಪಟ್ಟಿನಷ್ಟಿದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅದು ಗೊತ್ತಾದರೆ ಟ್ರೇಡ್, ಅಂದರೆ ತಂಡಗಳ ನಡುವೆ ಆಟಗಾರರ ಅದಲು-ಬದಲಿನ ಸುದ್ದಿಗಳೆಲ್ಲ ಅರ್ಥವಾಗುತ್ತವೆ. ಹೊಸ ಹುಡುಗ ಮೇಜರ್ ಲೀಗಿಗೆ ಬಂದ ಮೇಲೆ ಆರು ವರ್ಷದ ಸೇವೆ ತುಂಬೋವರೆಗೆ ಅವನ ಮೇಲೆ ತಂಡದ ಹಕ್ಕು. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. ಅದು 2025ರಲ್ಲಿ 7.6 ಲಕ್ಷ ಡಾಲರ್ ಇತ್ತು. ಆಮೇಲೆ ಮೂರು ವರ್ಷ ಪಂಚಾಯ್ತಿ. ತಂಡ ಒಂದು ಬೆಲೆ ಹೇಳುತ್ತೆ, ಆಟಗಾರ ಇನ್ನೊಂದು ಹೇಳುತ್ತಾನೆ. ಮಾತು ಮುರಿದರೆ ಮಧ್ಯಸ್ಥರು ಎರಡರಲ್ಲಿ ಒಂದನ್ನು ಆರಿಸುತ್ತಾರೆ, ನಡುವಿನದ್ದು ಇಲ್ಲ. ಆದ್ದರಿಂದ ಟ್ರೇಡ್‌ನಲ್ಲಿ ಕೊಡು-ಕೊಳ್ಳುವುದು ಆಟಗಾರನನ್ನು ಮಾತ್ರ ಅಲ್ಲ, ಅವನ ಮೇಲೆ ಉಳಿದಿರುವ ವರ್ಷಗಳನ್ನು.

ಈಗ ಸ್ಕೂಬಲ್‌ಗೆ ಬರೋಣ.

ಆಸೆ ಯಾಕೆ ಹುಟ್ಟಿತು ಅಂತ ಗೊತ್ತು. ಟಾರಿಕ್ ಸ್ಕೂಬಲ್ ಓದಿದ್ದೇ ನಮ್ಮ ಸಿಯಾಟಲ್ ಯೂನಿವರ್ಸಿಟಿಯಲ್ಲಿ. 2024, 2025 ಎರಡು ವರ್ಷವೂ ಅಮೆರಿಕನ್ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರದ್ದೇ. ಟೊರಾಂಟೊಗೂ ಹಿಂದಿನ ಸರಣಿಯಲ್ಲಿ ಡೆಟ್ರಾಯ್ಟ್ ವಿರುದ್ಧದ ಐದನೇ ಪಂದ್ಯ ನೆನಪಿದೆಯಲ್ಲ? ನಮ್ಮವರನ್ನು 13 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಮಾಡಿ ಕೂರಿಸಿದ್ದರು. ಅಂಥವರು ನಮ್ಮ ಕಡೆ ಇದ್ದರೆ ಅಂತ ಅವತ್ತು ನನಗೂ ಅನ್ನಿಸಿತ್ತು.

ಆದರೆ ಲೆಕ್ಕ ಹಾಕಿ. ಸ್ಕೂಬಲ್ ಮೇಲೆ ಡೆಟ್ರಾಯ್ಟ್‌ಗೆ ಉಳಿದಿರೋದು ಒಂದೇ ವರ್ಷ. 2026 ಮುಗಿದ ಕೂಡಲೇ ಅವರು ಫ್ರೀ ಏಜೆಂಟ್. ಒಂದು ವರ್ಷದ ಬಾಡಿಗೆಗೆ ನಾವು ಏನು ಕೊಡಬೇಕು? ಡೆಟ್ರಾಯ್ಟ್ ಕೂಡ ಗೆಲ್ಲುವ ತಂಡವೇ. ಹಾಗಾಗಿ ಅವರು ಬರೀ ಹುಡುಗರನ್ನು ತೆಗೆದುಕೊಳ್ಳೋದಿಲ್ಲ. ಬ್ರಯನ್ ವೂ ಕೊಡಿ, ಇಲ್ಲವೇ ಲೋಗನ್ ಗಿಲ್ಬರ್ಟ್ ಕೊಡಿ ಅಂತಾರೆ. ಜೊತೆಗೆ ಕೋಲ್ಟ್ ಎಮರ್ಸನ್ ಕೊಡಿ, ಇಲ್ಲ ಈ ವರ್ಷ ಹೊಸಬರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಆರಿಸಿದ ಎಡಗೈ ಪಿಚರ್ ಕೇಡ್ ಆಂಡರ್ಸನ್ ಕೊಡಿ ಅಂತಾರೆ. ವೂ ಈ ವರ್ಷ 15 ಗೆಲುವು ತಂದವರು. ಅವರ ಮೇಲೆ ನಮ್ಮ ಹಕ್ಕು 2029ರವರೆಗೆ ಇದೆ. ನಾಲ್ಕು ವರ್ಷ ಕೊಟ್ಟು ಒಂದು ವರ್ಷ ತರೋದಾ?

"ಪಿಚರ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರಲ್ಲ, ಒಬ್ಬರು ಹೋದರೆ ಏನಂತೆ" ಅನ್ನುವವರೂ ಇದ್ದಾರೆ. ಇದೇ ವರ್ಷ ಗಿಲ್ಬರ್ಟ್, ಕರ್ಬಿ, ಮಿಲ್ಲರ್, ವೂ ನಾಲ್ವರೂ ಒಂದಲ್ಲ ಒಂದು ಹೊತ್ತಿನಲ್ಲಿ ಗಾಯಗೊಂಡು ಕೂತಿದ್ದರು. ಮೊಣಕೈ, ಭುಜ, ಎದೆಯ ಸ್ನಾಯು, ಹೀಗೆ. ಬೇಸ್‌ಬಾಲ್‌ನಲ್ಲಿ ಪಿಚರ್ ಜಾಸ್ತಿ ಆಯ್ತು ಅನ್ನೋದು ಮಳೆಗಾಲಕ್ಕೆ ಮುಂಚೆ ಸೌದೆ ಜಾಸ್ತಿ ಆಯ್ತು ಅಂದ ಹಾಗೆ. ಹೋಗಲೇಬೇಕು ಅಂತಾದರೆ ಲೂಯಿಸ್ ಕಸ್ತಿಯೊ ಹೋಗಲಿ. ಡಿಸೆಂಬರ್‌ಗೆ ಅವರಿಗೆ 33 ತುಂಬುತ್ತೆ, ಸಂಬಳವೂ ದೊಡ್ಡದು. ಆದರೆ ಅವರನ್ನು ಕೊಟ್ಟರೆ ಸ್ಕೂಬಲ್ ಬರೋದಿಲ್ಲ. ಸ್ವಲ್ಪ ದುಡ್ಡು ಉಳಿಯುತ್ತೆ, ಅಷ್ಟೇ.

ಇಲ್ಲಿ ನನ್ನದೊಂದು ಹಳೇ ಗಾಯ ಹೇಳಲೇಬೇಕು. 2007ರಲ್ಲಿ ಮರಿನರ್ಸ್ 88 ಪಂದ್ಯ ಗೆದ್ದಿತ್ತು. ಇನ್ನೊಬ್ಬ ಒಳ್ಳೆ ಪಿಚರ್ ಬಂದರೆ ಸಾಕು ಅಂತ ಊರೆಲ್ಲ ಮಾತು. 2008ರ ಫೆಬ್ರವರಿಯಲ್ಲಿ ಬಾಲ್ಟಿಮೋರ್‌ನಿಂದ ಎರಿಕ್ ಬಿಡಾರ್ಡ್ ಬಂದರು. ನಾನು ಕುಣಿದಿದ್ದೆ. ಅದೇ ವಾರ ಅಂಗಡಿಗೆ ಹೋಗಿ ಅವರ ಹೆಸರಿನ ಜೆರ್ಸಿ ತಂದೆ, ಹೆಂಡತಿ ಬೆಲೆ ಕೇಳಿ ಬೈದಳು. ಬದಲಿಗೆ ನಾವು ಕೊಟ್ಟದ್ದು ಐದು ಜನರನ್ನು. ಅದರಲ್ಲಿ ಆಡಮ್ ಜೋನ್ಸ್ ಅನ್ನೋ 22 ವರ್ಷದ ಹುಡುಗ ಒಬ್ಬ, ಕ್ರಿಸ್ ಟಿಲ್‌ಮನ್ ಅನ್ನೋ ಇನ್ನೂ ಚಿಕ್ಕ ಪಿಚರ್ ಒಬ್ಬ. ಜೋನ್ಸ್ ಬಾಲ್ಟಿಮೋರ್‌ನಲ್ಲಿ ಐದು ಸಲ ಆಲ್ ಸ್ಟಾರ್ ಆದರು. ಟಿಲ್‌ಮನ್ ಕೂಡ ಒಂದು ಸಲ ಆದರು. ಬಿಡಾರ್ಡ್‌ಗೆ ಭುಜದ ನೋವು ಬಿಡಲೇ ಇಲ್ಲ. ಮೊದಲ ವರ್ಷ 15 ಪಂದ್ಯ, ಎರಡನೇ ವರ್ಷ 15 ಪಂದ್ಯ, ಮೂರನೇ ವರ್ಷ ಒಂದೂ ಇಲ್ಲ. 2008ರಲ್ಲಿ ನಮ್ಮ ತಂಡ 101 ಪಂದ್ಯ ಸೋತಿತು. 100 ಮಿಲಿಯನ್ ಡಾಲರ್ ಸಂಬಳ ಕೊಟ್ಟು 100 ಪಂದ್ಯ ಸೋತ ಮೊದಲ ತಂಡ ಅನ್ನೋ ಹೆಸರು ಇವತ್ತಿಗೂ ನಮ್ಮದೇ.

ಬಿಡಾರ್ಡ್ ಕೆಟ್ಟ ಪಿಚರ್ ಆಗಿರಲಿಲ್ಲ, ನೆನಪಿರಲಿ. ಒಳ್ಳೆಯವರೇ. ಭುಜಕ್ಕೆ ಹೆಸರು ಗೊತ್ತಾಗೋದಿಲ್ಲ.

ಟಕರ್ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಒಳ್ಳೆಯ ಬ್ಯಾಟರ್, ಮಾರುಕಟ್ಟೆಯ ಅತಿ ದೊಡ್ಡ ಹೆಸರು. 300 ಮಿಲಿಯನ್ ದಾಟಬಹುದು ಅಂತ ಮಾತು ನಡೀತಿದೆ. ಚಿಕಾಗೊ ಕಬ್ಸ್ ಅವರ ಮುಂದೆ 22.025 ಮಿಲಿಯನ್‌ನ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್ ಇಟ್ಟಿತ್ತು. ಅವರು ಬೇಡ ಅಂದರು. ಹಾಗಾಗಿ ಅವರನ್ನು ತಗೊಂಡ ತಂಡ ದುಡ್ಡಿನ ಮೇಲೆ ಡ್ರಾಫ್ಟ್ ಆಯ್ಕೆಯನ್ನೂ ಕಳೆದುಕೊಳ್ಳುತ್ತೆ. ನಮ್ಮ ಮಾಲೀಕರು ಅಷ್ಟು ಬಿಚ್ಚೋದಿಲ್ಲ. ಟಿವಿ ದುಡ್ಡಿನ ಗೊಂದಲ ಬೇರೆ ಇದೆ. ನಮ್ಮದೇ ಆಗಿದ್ದ ರೂಟ್ ಸ್ಪೋರ್ಟ್ಸ್ ಚಾನೆಲ್ ಈ ವರ್ಷಕ್ಕೆ ಮುಚ್ಚುತ್ತಿದೆ, ಮುಂದಿನ ವರ್ಷದಿಂದ ಪ್ರಸಾರ ಲೀಗ್ ಕೈಗೆ ಹೋಗುತ್ತೆ. ಮಾಲೀಕರ ಜಿಪುಣತನಕ್ಕೆ ಇದು ಹೊಸ ನೆಪ, ನಿಜ. ಆದರೂ ನೆಪ ಪೂರ್ತಿ ಸುಳ್ಳೂ ಅಲ್ಲ.

ಮಾಲೀಕರ ಮೇಲೆ ನಿಮಗಿರುವ ಸಿಟ್ಟು ನನಗೂ ಇದೆ. 2023ರ ಅಕ್ಟೋಬರಿನಲ್ಲಿ ಒಂದೇ ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿದಾಗ ಆಟಗಾರರನ್ನು ತರುವ ಮುಖ್ಯಸ್ಥ ಜೆರ್ರಿ ಡಿಪೋಟೊ ಪತ್ರಕರ್ತರ ಮುಂದೆ ಶೇಕಡಾ 54ರ ಲೆಕ್ಕ ಹೇಳಿದ್ದರು. ಹತ್ತು ವರ್ಷ ಸರಾಸರಿ ಶೇ 54 ಗೆದ್ದರೆ ವರ್ಲ್ಡ್ ಸೀರೀಸ್ ತಾನಾಗೇ ಬರುತ್ತೆ ಅಂತ ತಾತ್ಪರ್ಯ. ಅವತ್ತು ಊರು ಹೊತ್ತಿ ಉರಿಯಿತು. ಪಾಸಾಗಲು 35 ಸಾಕು ಅಂದ ಹುಡುಗನ ಮಾತಿನ ಥರ ಕೇಳಿಸಿತು. ಆದರೆ ಒಂದು ಒಪ್ಪಿಕೊಳ್ಳಬೇಕು. ಈಗ ನಮ್ಮ ಬ್ಯಾಟರ್ ಜಾಶ್ ನೇಯ್ಲರ್‌ಗೆ ಕೊಟ್ಟದ್ದು ಆ ಮನುಷ್ಯನ ಮಟ್ಟಿಗೆ ದೊಡ್ಡ ಹೆಜ್ಜೆ. 5 ವರ್ಷ, 92.5 ಮಿಲಿಯನ್ ಡಾಲರ್. ನಮ್ಮ ರೂಪಾಯಿಯಲ್ಲಿ 800 ಕೋಟಿ ದಾಟುತ್ತೆ. ಡಿಪೋಟೊ ಬಂದಿದ್ದು 2015ರಲ್ಲಿ. ಈ ಹತ್ತು ವರ್ಷದಲ್ಲಿ ಫ್ರೀ ಏಜೆಂಟ್ ಬ್ಯಾಟರ್ ಒಬ್ಬರಿಗೆ ಅವರು ಕೊಟ್ಟಿದ್ದ ಅತಿ ದೊಡ್ಡ ಮೊತ್ತ ಮಿಚ್ ಗಾರ್ವರ್‌ಗೆ ಕೊಟ್ಟ 24 ಮಿಲಿಯನ್. ಅಂಥವರು ಈ ಸಲ ನವೆಂಬರ್ ಮಧ್ಯದಲ್ಲೇ, ಬೇರೆ ತಂಡಗಳು ಕಣ್ಣುಜ್ಜೋ ಮೊದಲೇ ಮುಗಿಸಿದರು.

ನೇಯ್ಲರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಲೀಗಿನಲ್ಲೇ ತೀರಾ ನಿಧಾನ ಓಡುವವರಲ್ಲಿ ಅವರೂ ಒಬ್ಬರು. ಮೈಕಟ್ಟು ನೋಡಿದರೆ ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಲ್ಲಿಸಬೇಕು ಅನ್ನಿಸುತ್ತೆ. ಜುಲೈಯಲ್ಲಿ ನಮ್ಮಲ್ಲಿಗೆ ಬಂದ ಮೇಲೆ ಅವರು ಕದ್ದ ಬೇಸ್ 19, ಸಿಕ್ಕಿಬಿದ್ದದ್ದು ಒಂದು ಸಲವೂ ಇಲ್ಲ. ಪಿಚರ್‌ನ ಭುಜ, ಕಾಲು, ಉಸಿರು ಎಲ್ಲ ನೋಡಿ ಓಡುತ್ತಾರೆ. ಕಾಲಲ್ಲಿ ಇಲ್ಲದ ವೇಗ ತಲೆಯಲ್ಲಿದೆ. ಇಂಥವರನ್ನು ಉಳಿಸಿಕೊಂಡದ್ದೇ ಈ ಚಳಿಗಾಲದ ಮುಖ್ಯ ಕೆಲಸ ಅಂತ ನನ್ನ ಲೆಕ್ಕ. ನಿಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ ನೋಡಿ. ಕೈಗೆ ಬಂದದ್ದನ್ನು ನಾವು ಎಣಿಸೋದೇ ಇಲ್ಲ.

ಇನ್ನು ಪೊಲಾಂಕೊ, ಸುವಾರೆಸ್. ಇಬ್ಬರ ಮೇಲೂ ನಿಮಗಿರೋದು ಪ್ರೀತಿ. ನನಗೂ ಇದೆ. ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಯುಹೇನಿಯೊ ಸುವಾರೆಸ್‌ಗೆ 34. ಈ ವರ್ಷ ಎರಡೂ ತಂಡ ಸೇರಿ 49 ಹೋಮ್ ರನ್. ಟೊರಾಂಟೊ ವಿರುದ್ಧ ಐದನೇ ಪಂದ್ಯದಲ್ಲಿ ಹೊಡೆದ ಗ್ರ್ಯಾಂಡ್ ಸ್ಲಾಮ್‌ಗೆ (ಒಂದೇ ಹೊಡೆತಕ್ಕೆ ನಾಲ್ಕು ರನ್) ನಮ್ಮ ಬೀದಿಯ ನಾಯಿಗಳೂ ಬೊಗಳಿದ್ದವು. ಆದರೆ ಆ 49ರಲ್ಲಿ ನಮ್ಮಲ್ಲಿ ಹೊಡೆದದ್ದು 13, ಸರಾಸರಿ .200 (ಹತ್ತು ಸಲಕ್ಕೆ ಎರಡು ಹಿಟ್) ಕೂಡ ಮುಟ್ಟಲಿಲ್ಲ. ಇದಕ್ಕೆ ಅವರೊಬ್ಬರೇ ಕಾರಣ ಅಲ್ಲ. ನಮ್ಮ ಟಿ-ಮೊಬೈಲ್ ಪಾರ್ಕ್ ಬ್ಯಾಟರ್‌ಗಳಿಗೆ ಶತ್ರು. ಸಮುದ್ರದ ಕಡೆಯ ತಣ್ಣನೆ ಗಾಳಿಗೆ ಚೆಂಡು ದೂರ ಹೋಗೋದಿಲ್ಲ, ಸ್ಟ್ರೈಕ್‌ಔಟ್‌ಗಳೂ ಇಲ್ಲಿ ಜಾಸ್ತಿ. ಎಷ್ಟೋ ಬ್ಯಾಟರ್‌ಗಳು ಸಿಯಾಟಲ್ ಅಂದರೆ ಹಿಂದೆ ಸರಿಯೋದಕ್ಕೆ ಮಾಲೀಕರ ಜಿಪುಣತನದಷ್ಟೇ ಈ ಗಾಳಿಯೂ ಕಾರಣ. ಮೊದಲೇ ಜಾಸ್ತಿ ಸ್ಟ್ರೈಕ್‌ಔಟ್ ಆಗುವ 34ರ ಬ್ಯಾಟರ್‌ಗೆ ಇಂಥ ಮೈದಾನದಲ್ಲಿ ಮೂರು ವರ್ಷದ ಒಪ್ಪಂದ ಬೇಡ. ಒಂದು ವರ್ಷಕ್ಕೆ, ಮರ್ಯಾದೆಯ ಬೆಲೆಗೆ ಬಂದರೆ ಬಾಗಿಲಲ್ಲಿ ಆರತಿ ಹಿಡಿದು ನಿಲ್ಲೋಣ.

ಹೋರ್ಹೆ ಪೊಲಾಂಕೊ ಬೇರೆ. 2024ರಲ್ಲಿ ಅವರನ್ನು ನಾವೇ ಬೈದಿದ್ದೆವು, ನಿಮಗೆ ನೆನಪಿರಬೇಕು. ಮೊಣಕಾಲು ಕೈಕೊಟ್ಟಿತ್ತು, ಸರಾಸರಿ .213. ಆಪರೇಷನ್ ಆಯಿತು. ತಂಡ ಅವರನ್ನು ಕೈಬಿಡದೆ ಕಡಿಮೆ ದುಡ್ಡಿಗೆ ಮತ್ತೆ ಕರೆಯಿತು. 2025ರಲ್ಲಿ 26 ಹೋಮ್ ರನ್. ಡೆಟ್ರಾಯ್ಟ್ ವಿರುದ್ಧ ಎರಡನೇ ಪಂದ್ಯದಲ್ಲಿ ಒಂದಲ್ಲ, ಎರಡು ಹೋಮ್ ರನ್, ಅದೂ ಯಾರ ಚೆಂಡಿಗೆ? ನಿಮ್ಮ ಸ್ಕೂಬಲ್ ಚೆಂಡಿಗೆ. ಐದನೇ ಪಂದ್ಯ 15ನೇ ಇನಿಂಗ್ಸ್‌ಗೆ ಹೋದಾಗ ಗೆಲುವಿನ ಹೊಡೆತವೂ ಅವರದ್ದೇ. ಎರಡೂ ಕಡೆ ನಿಂತು ಬ್ಯಾಟ್ ಬೀಸುತ್ತಾರೆ. ಸ್ಟ್ರೈಕ್‌ಔಟ್ ಕಡಿಮೆ ಆಗುವವರು ನಮ್ಮ ಮೈದಾನಕ್ಕೆ ಸರಿ ಹೊಂದುತ್ತಾರೆ. ಎರಡು ವರ್ಷದ ಒಪ್ಪಂದಕ್ಕೆ ನಾನು ಕಣ್ಣುಮುಚ್ಚಿ ಸಹಿ ಹಾಕುತ್ತೇನೆ. ತೊಂದರೆ ಏನೆಂದರೆ, ಇದನ್ನು ಇಡೀ ಲೀಗ್ ನೋಡಿದೆ. ನ್ಯೂಯಾರ್ಕ್ ಕಡೆಯವರು ಮನಸ್ಸು ಮಾಡಿದರೆ ನಾವು ವರ್ಷಕ್ಕೆ 15 ಅನ್ನೋ ಹೊತ್ತಿಗೆ ಅವರು 20 ಅಂದಿರುತ್ತಾರೆ. ಉಳಿಯುವ ಸಾಧ್ಯತೆ ಅರ್ಧಕ್ಕರ್ಧ, ನಿಜ ಹೇಳಬೇಕೆಂದರೆ ಅದಕ್ಕಿಂತ ಕಡಿಮೆ.

ಹೋದರೆ ಏನು? ಅಲ್ಲಿ ನನ್ನದೇ ಆಸೆ ಒಂದಿದೆ. ಸೇಂಟ್ ಲೂಯಿಸ್‌ನ ಬ್ರೆಂಡನ್ ಡಾನವನ್. ಹೆಸರು ಕೇಳಿ ನಿಮಗೆ ರೋಮಾಂಚನ ಆಗೋದಿಲ್ಲ, ಗೊತ್ತು. ಹೋಮ್ ರನ್ ಮಷೀನ್ ಅಲ್ಲ. ಆದರೆ ಎರಡನೇ ಬೇಸ್, ಮೂರನೇ ಬೇಸ್, ಹೊರಮೈದಾನ, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಾರೆ. ಈ ಬಹುಪಾತ್ರಕ್ಕೇ 2022ರಲ್ಲಿ ಫೀಲ್ಡಿಂಗ್ ಪ್ರಶಸ್ತಿಯಾದ ಗೋಲ್ಡ್ ಗ್ಲವ್ ಪಡೆದವರು, ಈ ವರ್ಷ ಆಲ್ ಸ್ಟಾರ್. ಎಡಗೈ ಬ್ಯಾಟರ್, ಚೆಂಡು ಬ್ಯಾಟಿಗೆ ತಾಗಿಸುವವರು. ಇನ್ನೂ ಎರಡು ವರ್ಷದ ಹಕ್ಕು ಉಳಿದಿದೆ. ಸೇಂಟ್ ಲೂಯಿಸ್ ಈಗ ಹೊಸ ಮುಖ್ಯಸ್ಥ ಹೈಮ್ ಬ್ಲೂಮ್ ಕೈಯಲ್ಲಿ ಮನೆ ಕೆಡವಿ ಕಟ್ಟುವ ಹಂತದಲ್ಲಿದೆ, ಅವರಿಗೆ ಬೇಕಾದದ್ದು ಹುಡುಗರು. ನಮ್ಮಲ್ಲಿ ಹುಡುಗರಿಗೆ ಬರ ಇಲ್ಲ. ಎರಡೂ ಕೈಯಲ್ಲಿ ಚೆಂಡೆಸೆಯುವ ಯುರಾಂಜೆಲೊ ಸೈಂಜಾ ಅನ್ನೋ ಪಿಚರ್ ಕೂಡ ಇದ್ದಾನೆ. ಬಲಗೈ ಬ್ಯಾಟರ್ ಬಂದರೆ ಬಲಗೈ, ಎಡಗೈ ಬಂದರೆ ಎಡಗೈ. ಇವನ ಗ್ಲವ್‌ಗೆ ಎರಡು ಹೆಬ್ಬೆರಳು! ಯಾರನ್ನು ಕೊಟ್ಟರೂ ಇವನನ್ನು ಮಾತ್ರ ಕೊಡಬೇಡಿ ಅಂತ ನನ್ನ ಮನಸ್ಸು. ತಲೆ ಕೇಳಿದರೆ, ಕೊಡಿ ಅನ್ನುತ್ತೆ.

ಹುಡುಗರನ್ನು ಕೊಡುವಾಗ ಒಂದು ಗೆರೆ ಎಳೆದುಕೊಳ್ಳಬೇಕು. ಕೋಲ್ಟ್ ಎಮರ್ಸನ್‌ಗೆ 20 ವರ್ಷ, ಈಗಾಗಲೇ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹತ್ತಿದ್ದಾನೆ. ಜೆ. ಪಿ. ಕ್ರಾಫರ್ಡ್ ಒಪ್ಪಂದ 2026ಕ್ಕೆ ಮುಗಿಯುತ್ತೆ, ಅಲ್ಲಿಗೆ ಇವನೇ ಬೇಕು. ಇವನನ್ನು ಮುಟ್ಟಬಾರದು. ಕ್ಯಾಚರ್ ಹ್ಯಾರಿ ಫೋರ್ಡ್ ಬಗ್ಗೆ ನನಗೆ ಅಂಥ ಹಟ ಇಲ್ಲ. ಒಳ್ಳೆ ಹುಡುಗ, ಬೇರೆ ತಂಡದಲ್ಲಿ ದಿನಾ ಆಡುವಷ್ಟು ಯೋಗ್ಯ. ಆದರೆ ಅವನ ಮುಂದೆ ನಿಂತಿರೋದು ಕ್ಯಾಲ್ ರಾಲಿ. ಈ ವರ್ಷ 60 ಹೋಮ್ ರನ್ ಹೊಡೆದ ಕ್ಯಾಚರ್. ಆಲದ ಮರದ ಕೆಳಗೆ ಬೇರೆ ಗಿಡ ಬೆಳೆಯೋದು ಕಷ್ಟ.

ಹಾಗಾದರೆ ಫೋರ್ಡ್ ಕೊಟ್ಟು ಏನು ತರಬೇಕು? ಇಲ್ಲೇ ನಿಮ್ಮ ಪಟ್ಟಿಯಲ್ಲಿ ಇಲ್ಲದ, ನನ್ನ ಪಟ್ಟಿಯ ಮೊದಲ ಆಸೆ ಬರುತ್ತೆ. ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಇಳಿಯುವ ಪಿಚರ್‌ಗಳ ಗುಂಪಿಗೆ, ಒಬ್ಬ ಎಡಗೈ ಪಿಚರ್.

ಮತ್ತೆ ಆ ಏಳನೇ ಇನಿಂಗ್ಸ್‌ಗೆ ಹೋಗೋಣ, ಕ್ಷಮಿಸಿ. ಎಲ್ಲರಿಗೂ ಸ್ಪ್ರಿಂಗರ್ ಹೊಡೆತ ನೆನಪಿದೆ. ಎಡ್ವರ್ಡ್ ಬಜಾರ್ಡೊ ಕೈಗೆ ಚೆಂಡು ಯಾಕೆ ಕೊಟ್ಟರು, ಆಂದ್ರೆಸ್ ಮುನ್ಯೋಸ್‌ನನ್ನು ಯಾಕೆ ಕರೆಯಲಿಲ್ಲ ಅಂತ ಮ್ಯಾನೇಜರ್ ಡ್ಯಾನ್ ವಿಲ್ಸನ್ ಅವರನ್ನು ಇವತ್ತಿಗೂ ಬೈಯುತ್ತಾರೆ. ನಾನೂ ಆ ರಾತ್ರಿ ಬೈದೆ. ಆಮೇಲೆ ಇನಿಂಗ್ಸ್ ಪೂರ್ತಿ ಮತ್ತೆ ನೋಡಿದೆ. ಬೆಂಕಿ ಹತ್ತಿದ್ದು ಸ್ಪ್ರಿಂಗರ್‌ನಿಂದ ಅಲ್ಲ. ಇನಿಂಗ್ಸ್‌ನ ಮೊದಲ ಬ್ಯಾಟರ್ ಅಡಿಸನ್ ಬಾರ್ಜರ್, ಎಡಗೈ. ಆಗ ಚೆಂಡು ಇದ್ದದ್ದು ಎದೆಯ ಸ್ನಾಯು ನೋವಿನಿಂದ ಆಗಷ್ಟೇ ವಾಪಸ್ ಬಂದಿದ್ದ ಬ್ರಯನ್ ವೂ ಕೈಯಲ್ಲಿ. ಬಾರ್ಜರ್‌ಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಬೇಸ್) ಸಿಕ್ಕಿತು. ಆಮೇಲೆ ಒಂದು ಸಿಂಗಲ್, ಒಂದು ಬಂಟ್, ಕೊನೆಗೆ ಸ್ಪ್ರಿಂಗರ್. ಆ ಎಡಗೈ ಬ್ಯಾಟರ್‌ಗೆ ಅಂತಲೇ ತಾಜಾ ಎಡಗೈ ಪಿಚರ್ ಒಬ್ಬ ಇದ್ದಿದ್ದರೆ? ನಮ್ಮಲ್ಲಿ ಮ್ಯಾನೇಜರ್ ನಂಬುವ ಎಡಗೈ ಅಂದರೆ ಗೇಬ್ ಸ್ಪೈಯರ್ ಒಬ್ಬರೇ. ಒಂದೇ ಎತ್ತನ್ನು ಎಷ್ಟು ಸಲ ನೇಗಿಲಿಗೆ ಕಟ್ಟೋದು? ಜುಲೈಯಲ್ಲಿ ತಂದ ಇನ್ನೊಬ್ಬ ಎಡಗೈ ಕೇಲಬ್ ಫರ್ಗುಸನ್ ಈಗ ಫ್ರೀ ಏಜೆಂಟ್, ಆ ಜಾಗವೂ ಖಾಲಿ. ಫೋರ್ಡ್‌ನಂಥ ಹುಡುಗನನ್ನು ಒಬ್ಬ ರಿಲೀಫ್ ಪಿಚರ್‌ಗೆ ಕೊಟ್ಟರೆ ಜನ ನಗುತ್ತಾರೆ. ನಾಲ್ಕು ವರ್ಷದ ಹಕ್ಕು ಇರುವ, ಗಟ್ಟಿ ಎಡಗೈ ಆದರೆ ನಾನು ಕೊಡುತ್ತೇನೆ. ನಗಲಿ.

ಬೇಸ್‌ಬಾಲ್ ಬಿಟ್ಟು ಒಂದು ಉದಾಹರಣೆ ಕೊಡಲಾ? ಹಾಸನದವರು ಅಂದರೆ ನೀವು ಆರ್‌ಸಿಬಿಯೇ ಅಲ್ವಾ. 2024ರ ನವೆಂಬರ್ ಹರಾಜಿನಲ್ಲಿ ನಮ್ಮವರೆಲ್ಲ ಕೆ. ಎಲ್. ರಾಹುಲ್ ಬೇಕು ಅಂತ ಕೂತಿದ್ದರು. ನಮ್ಮ ಹುಡುಗ ಮನೆಗೆ ಬರಬೇಕು ಅನ್ನೋ ಆಸೆ. ಅವರು 14 ಕೋಟಿಗೆ ಡೆಲ್ಲಿಗೆ ಹೋದರು. ಆರ್‌ಸಿಬಿ 5.75 ಕೋಟಿ ಕೊಟ್ಟು ಕೃಣಾಲ್ ಪಾಂಡ್ಯನನ್ನು ತಂದಿತು. ನನ್ನ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಬರೀ ಬೈಗುಳ. 2025ರ ಜೂನ್ 3ರಂದು, 18ನೇ ಸೀಸನ್‌ನಲ್ಲಿ, ಕಪ್ ನಮ್ಮದಾಯಿತು. ಫೈನಲ್‌ನ ಪಂದ್ಯಶ್ರೇಷ್ಠ ಯಾರು? 4 ಓವರ್, 17 ರನ್, 2 ವಿಕೆಟ್. ಕೃಣಾಲ್ ಪಾಂಡ್ಯ.

ಮರಿನರ್ಸ್ ಇತಿಹಾಸದಲ್ಲೇ ಇದಕ್ಕಿಂತ ದೊಡ್ಡ ಕಥೆ ಇದೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಕಣ್ಣಾರೆ ನೋಡಿದ್ದು. 1998ರ ಜುಲೈಯಲ್ಲಿ ರ‍್ಯಾಂಡಿ ಜಾನ್ಸನ್ ಹೋದರು. 2000ದ ಫೆಬ್ರವರಿಯಲ್ಲಿ ಕೆನ್ ಗ್ರಿಫಿ ಜೂನಿಯರ್ ಸಿನ್ಸಿನಾಟಿಗೆ ಹೋದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲೆಕ್ಸ್ ರೊಡ್ರಿಗಸ್ ಟೆಕ್ಸಸ್‌ಗೆ ಹೋದರು. 10 ವರ್ಷಕ್ಕೆ 252 ಮಿಲಿಯನ್, ಆ ಕಾಲಕ್ಕೆ ಕ್ರೀಡಾ ಜಗತ್ತಿನಲ್ಲೇ ಯಾರೂ ಕೇಳದ ಮೊತ್ತ. ಎರಡೂವರೆ ವರ್ಷದೊಳಗೆ ಮೂವರು ದೈತ್ಯರು ಖಾಲಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಸೀಸನ್ ಟಿಕೆಟ್ ಬಿಟ್ಟುಕೊಟ್ಟರು. ಆ ಚಳಿಗಾಲದಲ್ಲಿ ತಂಡ ತಂದದ್ದು ಯಾರನ್ನು? ಜಪಾನಿನ ಓರಿಕ್ಸ್ ತಂಡದಿಂದ ಸಣಕಲು ಮೈಯ ಇಚಿರೊ ಸುಝುಕಿ. ಈ ಮೈಕಟ್ಟಿಗೆ ಇಲ್ಲಿಯ ವೇಗ ತಡೆಯುತ್ತಾ ಅಂತ ಅನುಮಾನ ಪಟ್ಟವರೇ ಜಾಸ್ತಿ. ಇನ್ನೊಬ್ಬರು ಬ್ರೆಟ್ ಬೂನ್, ಮೊದಲೊಮ್ಮೆ ನಾವೇ ಬಿಟ್ಟಿದ್ದ ಎರಡನೇ ಬೇಸ್ ಆಟಗಾರ, ಒಂದು ವರ್ಷದ ಸಣ್ಣ ಒಪ್ಪಂದಕ್ಕೆ.

2001ರಲ್ಲಿ ಇಚಿರೊ 242 ಹಿಟ್ ಹೊಡೆದು ಒಂದೇ ವರ್ಷ ಹೊಸಬರ ಪ್ರಶಸ್ತಿಯನ್ನೂ ಲೀಗಿನ ಶ್ರೇಷ್ಠ ಆಟಗಾರನ ಎಂವಿಪಿಯನ್ನೂ ಗೆದ್ದರು. ಬೂನ್ 37 ಹೋಮ್ ರನ್ ಹೊಡೆದು 141 ರನ್ ತಂದರು. ತಂಡ ಗೆದ್ದದ್ದು 116. ಅಮೆರಿಕನ್ ಲೀಗಿನಲ್ಲಿ ಅಷ್ಟು ಯಾರೂ ಗೆದ್ದಿಲ್ಲ, ಅದಕ್ಕೂ ಮುಂಚೆ, ಆಮೇಲೂ. ಅಕ್ಟೋಬರ್‌ನಲ್ಲಿ ಯಾಂಕೀಸ್ ಮುಂದೆ ಮುಗ್ಗರಿಸಿದರು ಅನ್ನೋದು ಬೇರೆ ಮಾತು, ಅದು ನಮ್ಮ ಹಣೆಬರಹ. ಸೀಸನ್ ಟಿಕೆಟ್ ಬಿಟ್ಟ ಆ ಪಕ್ಕದ ಸೀಟಿನವರು ಜುಲೈಯಲ್ಲಿ ನನ್ನ ಹತ್ತಿರ ಒಂದು ಟಿಕೆಟ್ ಕೇಳಿದರು. ಇರಲಿಲ್ಲ.

ಈಗ ನಾನು ಇದನ್ನು ಬರೆಯುತ್ತಿರುವುದು 2025ರ ನವೆಂಬರ್ ಕೊನೆಯ ವಾರ. ಡಿಸೆಂಬರ್ ಎರಡನೇ ವಾರ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ವಿಂಟರ್ ಮೀಟಿಂಗ್ಸ್. ಎಲ್ಲ ತಂಡದ ಮುಖ್ಯಸ್ಥರು, ಏಜೆಂಟರು ಒಂದೇ ಹೋಟೆಲಿನಲ್ಲಿ ಇರುತ್ತಾರೆ. ಸಂತೆಯಲ್ಲಿ ದನದ ವ್ಯಾಪಾರ ನೋಡಿದ್ದೀರಾ? ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳೋದು? ಹೆಚ್ಚು ಕಡಿಮೆ ಅದೇ, ಟವೆಲ್ ಜಾಗದಲ್ಲಿ ಫೋನ್. ಡಿಪೋಟೊಗೆ ಟ್ರೇಡರ್ ಜೆರ್ರಿ ಅಂತಲೇ ಅಡ್ಡಹೆಸರು. ಅವರು ಅಲ್ಲಿಂದ ಕೈ ಬೀಸಿಕೊಂಡು ಬಂದದ್ದು ಕಡಿಮೆ. ಮೊದಲು ಬುಲ್‌ಪೆನ್ ಸುದ್ದಿ ಬರಬಹುದು. ಪೊಲಾಂಕೊ ವಿಷಯವೂ ಆ ಹೊತ್ತಿಗೆ ಇತ್ಯರ್ಥ ಆಗಬಹುದು. ಡಾನವನ್‌ನಂಥ ಟ್ರೇಡ್ ಜನವರಿ, ಫೆಬ್ರವರಿಗೆ ಎಳೆದರೆ ಗಾಬರಿ ಬೇಡ. ಸುವಾರೆಸ್ ಬೆಲೆ ಕೊನೆಗೆ ಇಳಿಯುತ್ತೆ ಅಂತ ನನ್ನ ಊಹೆ. ಇಳಿದಾಗ ನಮ್ಮ ಜೇಬಿನಲ್ಲಿ ಏನಾದರೂ ಉಳಿದಿದ್ದರೆ ನೋಡೋಣ.

ಇನ್ನು ಮಗಳ ಜೆರ್ಸಿ. ಪೊಲಾಂಕೊ ಹೆಸರಿನದ್ದಕ್ಕೆ ಒರ್ಲ್ಯಾಂಡೊ ಮುಗಿಯೋವರೆಗೆ ಕಾಯಿರಿ, ಹತ್ತು ದಿನ ಆಚೆ ಈಚೆ. ಕ್ರಿಸ್‌ಮಸ್‌ಗೆ ಆಮೇಲೂ ಸಮಯ ಇದೆ. ಗ್ಯಾರಂಟಿ ಬೇಕು ಅಂದರೆ ರಾಲಿಯ 29ನೇ ನಂಬರ್ ತಗೊಳ್ಳಿ. ಒಪ್ಪಂದ 2030ರವರೆಗೆ ಇದೆ, ಅಷ್ಟರಲ್ಲಿ ಅವಳಿಗೇ ಜೆರ್ಸಿ ಚಿಕ್ಕದಾಗಿರುತ್ತೆ. ಇಲ್ಲ, ಪೊಲಾಂಕೊನೇ ಬೇಕು ಅಂತ ಹಠ ಹಿಡಿದರೆ ಕೊಡಿಸಿಬಿಡಿ. ಅವರು ಎಲ್ಲಿಗೇ ಹೋಗಲಿ, ಸ್ಕೂಬಲ್‌ಗೆ ಒಂದೇ ರಾತ್ರಿ ಎರಡು ಹೊಡೆದದ್ದು ನಮ್ಮ ಬಟ್ಟೆ ಹಾಕಿಕೊಂಡೇ. ನನ್ನ ಬಿಡಾರ್ಡ್ ಜೆರ್ಸಿ ಇನ್ನೂ ಇದೆ. ಪ್ರತಿ ಬೇಸಿಗೆ ಹುಲ್ಲು ಕತ್ತರಿಸುವಾಗ ಅದನ್ನೇ ಹಾಕಿಕೊಳ್ಳೋದು. ಹೊಲಿಗೆ ಒಂದೂ ಬಿಚ್ಚಿಲ್ಲ, ಭುಜದ ಹತ್ತಿರ ಕೂಡ.